ಒಂದು ಮಂಡಲದ ಸಪ್ಪೆ ಊಟ

ನನ್ನ ಮಗಳ ಬಾಯನ್ನು ನಾನು ದಿನಕ್ಕೆರಡು ಸಲ ತಪಾಸಣೆ ಮಾಡುತ್ತಿದ್ದ ಕಾಲವೊಂದಿತ್ತು. ಅವಳಿಗಾಗ ಇಪ್ಪತ್ತು ವರ್ಷ. ಬೆಳಿಗ್ಗೆ ತಿಂಡಿಯಾದ ಮೇಲೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ, ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ, ಮಾತ್ರೆ ಕೊಟ್ಟು, ನೀರು ಕುಡಿಸಿ, “ಆ ಅನ್ನು” ಎನ್ನುತ್ತಿದ್ದೆ. ನಾಲಿಗೆ ಎತ್ತಬೇಕು, ಎಡ ದವಡೆ, ಬಲ ದವಡೆ ತೋರಿಸಬೇಕು. ದನದ ವ್ಯಾಪಾರದಲ್ಲಿ ಹಲ್ಲು ನೋಡುವವರ ಹಾಗೆ ಬಗ್ಗಿ ನೋಡುತ್ತಿದ್ದೆ. ಅವಳು ಮೊದಮೊದಲು ಅಳುತ್ತಿದ್ದಳು, ಆಮೇಲೆ ಬೈಯುತ್ತಿದ್ದಳು, ಕೊನೆಕೊನೆಗೆ ನಾನು ಹೇಳುವ ಮೊದಲೇ ಬಾಯಿ ತೆಗೆಯುತ್ತಿದ್ದಳು. ಅದನ್ನು ನನ್ನ ಗೆಲುವು ಎಂದುಕೊಂಡಿದ್ದೆ.

ನಾವು ಜರಗನಹಳ್ಳಿಯವರು. ನಮ್ಮಪ್ಪ ರಾಗಿ ಬೆಳೆದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಮನೆ ಕಟ್ಟಿ, ಕೆಳಗೆ ನಾವಿದ್ದು ಮೇಲಿನದನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದೇವೆ. ಇಪ್ಪತ್ತು ವರ್ಷ ಮನೆ ಮಾಲೀಕನಾಗಿದ್ದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ಮೊದಲು ಅದು ಸುಳ್ಳಿರಬೇಕು ಅನ್ನಿಸುತ್ತದೆ. ನಲ್ಲಿ ತಾನಾಗಿಯೇ ಮುರಿಯಿತು ಅನ್ನುತ್ತಾರೆ. ಮನೆಯಲ್ಲಿ ಇಬ್ಬರೇ ಇರುವುದು ಅನ್ನುತ್ತಾರೆ. ನಾನು ಹೂಂ ಎಂದು ತಲೆಯಾಡಿಸಿ, ಒಂದು ಗಂಟೆ ಬಿಟ್ಟು ಮೇಲೆ ಹತ್ತಿ ಕಣ್ಣಾರೆ ನೋಡಿ ಬರುವವನು. ಈ ಬುದ್ಧಿ ಮಹಡಿಯ ಮೇಲೆ ಕೆಲಸಕ್ಕೆ ಬಂತು. ಕೆಳಗೆ, ನನ್ನ ಮನೆಯಲ್ಲೇ, ಅದು ನನ್ನ ಮಗಳ ಪ್ರಾಣಕ್ಕೆ ಸಂಚಕಾರ ತಂದಿತು.

ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಅವಳಿಗೆ ಹದಿನೆಂಟು ತುಂಬಿದಾಗ, ಪದವಿಯ ಮೊದಲ ವರ್ಷದಲ್ಲಿ. ಐದು ದಿನ ಕಣ್ಣು ಮುಚ್ಚಲಿಲ್ಲ, ಮಾತು ನಿಲ್ಲಿಸಲಿಲ್ಲ. ನಮ್ಮ ಬಿಲ್ಡಿಂಗನ್ನೇ ಶಾಲೆ ಮಾಡುತ್ತೇನೆಂದು ಹೊರಟು, ಬಾಡಿಗೆಯವರ ಬಾಗಿಲುಗಳ ಮೇಲೆಲ್ಲ ಮಾರ್ಕರ್ ಪೆನ್ನಿನಿಂದ ‘ಒಂದನೇ ತರಗತಿ’, ‘ಎರಡನೇ ತರಗತಿ’ ಎಂದು ಬರೆದಳು. ಸತ್ಯ ಹೇಳಬೇಕೆಂದರೆ ಮೊದಲ ಎರಡು ದಿನ ನನಗೆ ಹೆಮ್ಮೆಯಾಗಿತ್ತು. ಎಷ್ಟು ಚುರುಕು, ನನ್ನ ಹಾಗೇ, ಎಂದು ಹೆಂಡತಿಯ ಮುಂದೆ ಬೀಗಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಟೆರೇಸಿನ ಮೋಟುಗೋಡೆಯ ಮೇಲೆ ನಿಂತು, ಇಲ್ಲದ ಮಕ್ಕಳಿಗೆ ಪ್ರಾರ್ಥನೆ ಹೇಳಿಸುತ್ತಿದ್ದವಳನ್ನು ನೋಡಿ, ಓಡಿಹೋಗಿ ಸೊಂಟ ಹಿಡಿದು ಕೆಳಗಿಳಿಸಿದೆ. ಆ ಹುರುಪು ಇಳಿದ ಮೇಲೆ ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ತಲೆ ಬಾಚಿಕೊಳ್ಳುವುದಕ್ಕೂ ಅವಳಮ್ಮ ಬೇಕಾಯಿತು. ಜಯನಗರದಲ್ಲಿ ಒಬ್ಬ ಮನೋವೈದ್ಯೆಗೆ ತೋರಿಸಿದೆವು. ಬೈಪೋಲಾರ್ ಎಂದರು.

ಮೊದಲು ಕೊಟ್ಟ ಮಾತ್ರೆ ಅವಳಿಗೆ ಆಗಿಬರಲಿಲ್ಲ. ದಿನಕ್ಕೆ ಹದಿನಾರು ಗಂಟೆ ಮಲಗುತ್ತಿದ್ದಳು, ಎದ್ದರೂ ಮಂಕು ಹಿಡಿದಂತೆ ಕೂತಿರುತ್ತಿದ್ದಳು, ಕಾಲೇಜು ಬಿಟ್ಟೇಹೋಯಿತು. ಆಗಲೇ ಒಂದು ದಿನ ತುಳಸಿ ಕುಂಡದ ಮಣ್ಣು ಕೆದಕುವಾಗ ನನ್ನ ಹೆಂಡತಿಯ ಕೈಗೆ ಹನ್ನೊಂದು ಮಾತ್ರೆ ಸಿಕ್ಕವು. ನುಂಗಿದೆ ನುಂಗಿದೆ ಎಂದು ನಮ್ಮ ಮುಂದೆ ಹೇಳಿ, ಒಂದೊಂದನ್ನೇ ಅಲ್ಲಿ ಹೂತಿದ್ದಳು. ಅವತ್ತಿನಿಂದ ಬಾಯಿ ತಪಾಸಣೆ ಶುರುವಾಯಿತು. ಅವತ್ತಿನಿಂದ ಅವಳ ಯಾವ ಮಾತನ್ನೂ ನಾನು ನಂಬಲಿಲ್ಲ.

ಆಮೇಲೆ ವೈದ್ಯೆ ಲಿಥಿಯಂಗೆ ಬದಲಾಯಿಸಿದರು. ಅದು ಹಿಡಿಯಿತು. ನಾಲ್ಕೈದು ತಿಂಗಳಲ್ಲಿ ನಮ್ಮ ಹಳೆಯ ಮಗಳು ವಾಪಸ್ಸು ಬಂದಳು. ಮತ್ತೆ ಕಾಲೇಜಿಗೆ ಸೇರಿದಳು, ಪರೀಕ್ಷೆ ಬರೆದಳು, ಅಮ್ಮನ ಹತ್ತಿರ ಜಗಳ ಕಾಯ್ದಳು, ನನ್ನ ಹೊಟ್ಟೆಯನ್ನು ನೋಡಿ ಆಡಿಕೊಂಡಳು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವೈದ್ಯೆಯ ಮುಂದೆ ಹತ್ತು ನಿಮಿಷ, ಅಷ್ಟೆ. ಇನ್ನು ಎಷ್ಟು ದಿನ ಈ ಮಾತ್ರೆ ಎಂದು ನಾನು ಕೇಳಿದಾಗ ಅವರು, “ದಿನದ ಲೆಕ್ಕ ಬಿಡಿ ಸಾರ್, ವರ್ಷಗಟ್ಟಲೆ ತಗೋಬೇಕು. ಬಹುಶಃ ಯಾವಾಗ್ಲೂ” ಎಂದರು. ಅದೊಂದು ಮಾತು ನನ್ನ ಗಂಟಲಲ್ಲಿ ಇಳಿಯಲಿಲ್ಲ. ನನಗೆ ಪೂರ್ತಿ ವಾಸಿಯಾಗಬೇಕಿತ್ತು, ಬೇರು ಸಮೇತ.

ನನಗೆ ಏಳು ವರ್ಷವಿದ್ದಾಗ ಜ್ವರ ಬಂದು ಇವತ್ತೋ ನಾಳೆಯೋ ಅನ್ನುವಂತಾಗಿತ್ತಂತೆ. ನಮ್ಮವ್ವ ಹೊಲದ ಬದುವಿನ ನಾಗರಕಲ್ಲಿಗೆ ಹರಕೆ ಹೊತ್ತು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಉಪ್ಪು ಬಿಟ್ಟು ಸಪ್ಪೆ ಊಟ ಮಾಡಿದಳು. ನಾನು ಉಳಿದೆ. ಆ ನಾಗರಕಲ್ಲು ಇವತ್ತೂ ಇದೆ. ಪಕ್ಕದ ಅಪಾರ್ಟ್‌ಮೆಂಟಿನ ಕಾಂಪೌಂಡಿಗೂ ನಮ್ಮ ಬೋರ್‌ವೆಲ್ಲಿಗೂ ನಡುವೆ, ಅರಳಿಮರದ ಕೆಳಗೆ. ಒಂದು ಮಂಗಳವಾರ ಅಲ್ಲಿ ಹಾಲೆರೆದು ನಾನೂ ಹರಕೆ ಹೊತ್ತೆ. ಮನೆಯಲ್ಲಿ ಮೂರು ಜನರೂ ಒಂದು ಮಂಡಲ ಉಪ್ಪು ಮುಟ್ಟುವುದಿಲ್ಲ, ನನ್ನ ಮಗಳ ತಲೆಯಿಂದ ಈ ಕಾಯಿಲೆಯನ್ನು ತೆಗೆದುಬಿಡು ಅಂತ.

“ಡಾಕ್ಟರ್ ಮೇಡಂನ ಒಂದ್ ಮಾತು ಕೇಳ್ಬಿಡಿ” ಎಂದಳು ಹೆಂಡತಿ.

“ಉಪ್ಪು ಬಿಡೋಕೂ ಚೀಟಿ ಬರೆಸ್ಕೊಂಡು ಬರ್ಬೇಕಾ? ನನ್ ಬಿಪಿ ಡಾಕ್ಟ್ರು ಉಪ್ಪು ಬಿಡಿ ಬಿಡಿ ಅಂತ ಬಡ್ಕೋತಾನೇ ಇದಾರೆ” ಎಂದೆ.

ಆಗ ಮಗಳು ಹೇಳಿದಳು. ಕೂಗಾಡದೆ, ಸ್ಪಷ್ಟವಾಗಿ ಹೇಳಿದಳು. “ಅಪ್ಪ, ಈ ಮಾತ್ರೆ ತಗೊಳೋರು ಉಪ್ಪು ಬಿಡ್ಬಾರ್ದು. ಬಿಟ್ರೆ ಮಾತ್ರೆ ಮೈಯಿಂದ ಆಚೆ ಹೋಗಲ್ಲ, ಒಳಗೇ ಸೇರ್ಕೊಂಡು ವಿಷ ಆಗುತ್ತೆ. ಮೇಡಂ ಮೊದಲ್ನೇ ದಿನಾನೇ ಹೇಳಿದ್ರು. ನೀನೂ ಅಲ್ಲೇ ಇದ್ಯಲ್ಲ.”

ನಾನು ಅಲ್ಲೇ ಇದ್ದೆ, ನಿಜ. ಆದರೆ ಆ ಹೊತ್ತಿನಲ್ಲಿ ನೀರಿನ ಟ್ಯಾಂಕರಿನವನು ಫೋನ್ ಮಾಡಿದ್ದ, ನಾನೆದ್ದು ಬಾಗಿಲ ಆಚೆ ಹೋಗಿ ಅವನ ಹತ್ತಿರ ಕಿರುಚಾಡುತ್ತಿದ್ದೆ. ಅದನ್ನು ಒಪ್ಪಿಕೊಳ್ಳುವ ಬದಲು, “ನಾನು ಅಂಥ ಮಾತೇ ಕೇಳಿಲ್ಲ. ಮಾತ್ರೆ ತಪ್ಪಿಸ್ಕೊಳೋಕೆ ಮಣ್ಣಲ್ಲಿ ಹೂತೋಳು ನೀನು, ಈಗ ದೇವ್ರನ್ನೂ ತಪ್ಪಿಸ್ಕೊಳೋಕೆ ನೋಡ್ತಿದೀಯಾ” ಎಂದೆ. ಅವಳು ನನ್ನ ಮುಖ ನೋಡಿದಳು. ಎದ್ದು ತನ್ನ ಕೋಣೆಗೆ ಹೋದಳು.

ಅವಳು ಯಾಕೆ ಹಟ ಮಾಡಲಿಲ್ಲ ಎಂದು ಈಗ ನನಗೆ ಗೊತ್ತು. ನಮ್ಮ ಮನೆಯಲ್ಲಿ ಅವಳಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕು ಇರಲಿಲ್ಲ. ದನಿ ಏರಿಸಿದರೆ, ಓಹೋ ಮತ್ತೆ ಶುರುವಾಯಿತು ಎನ್ನುತ್ತಿದ್ದೆವು. ಅತ್ತರೆ, ಈಗ ಮತ್ತೆ ಹಾಸಿಗೆ ಹಿಡಿಯುತ್ತಾಳೆ ಎನ್ನುತ್ತಿದ್ದೆವು. ಫೋನು ನನ್ನ ಬೀರುವಿನಲ್ಲಿರುತ್ತಿತ್ತು, ಕಾಲೇಜಿಗೆ ಹೋಗುವಾಗ ಕೊಟ್ಟು ಬಂದ ಕೂಡಲೇ ಇಸಿದುಕೊಂಡು, ಯಾರಿಗೆ ಮಾಡಿದ್ದಾಳೆ ಎಂದು ನೋಡುತ್ತಿದ್ದೆ. ಆಗ ಕಾಲೇಜಿಗೂ ರಜೆ. ಇಪ್ಪತ್ತು ವರ್ಷದ ಹುಡುಗಿಗೆ ಉಳಿದ ದಾರಿ ಒಂದೇ, ಕದ್ದು ತಿನ್ನುವುದು.

ಎರಡನೇ ಮಹಡಿಯಲ್ಲಿ ವಿಜಯಪುರದ ಕಡೆಯ ಒಂದು ಸಂಸಾರವಿತ್ತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹೆಂಡತಿಗೆ ಮಧ್ಯಾಹ್ನದ ಪಾಳಿ. ಹದಿನೆಂಟನೆಯ ದಿನವೋ ಹತ್ತೊಂಬತ್ತನೆಯ ದಿನವೋ ನಾನು ನೀರಿನ ವಾಲ್ವ್ ನೋಡಲು ಮೇಲೆ ಹೋದಾಗ, ಅವರ ಬಾಗಿಲ ಹತ್ತಿರ ಮೆಟ್ಟಿಲ ಮೇಲೆ ಕೂತು ನನ್ನ ಮಗಳು ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಗಬಗಬ ತಿನ್ನುತ್ತಿದ್ದಳು. ದಿನಾ ಬರುತ್ತಿದ್ದಳಂತೆ. ನನಗೆ ನಖಶಿಖಾಂತ ಉರಿಯಿತು. ಮಗಳ ರಟ್ಟೆ ಹಿಡಿದು ಎಬ್ಬಿಸಿದೆ. ಆ ಹೆಣ್ಣುಮಗಳಿಗೆ, “ನಮ್ಮನೆ ವಿಷಯ ನಿಮ್ಗೆ ಗೊತ್ತಿಲ್ಲ. ಇನ್ಮೇಲೆ ಇವಳ ಕೈಗೆ ಏನಾದ್ರೂ ಕೊಟ್ರೆ ಬೇರೆ ಮನೆ ನೋಡ್ಕೋಬೇಕಾಗುತ್ತೆ” ಎಂದೆ. ಆಕೆ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, “ಆತ್ರಿ ಅಣ್ಣಾರ” ಎಂದಷ್ಟೇ ಹೇಳಿ ಒಳಗೆ ಹೋದರು. ಹರಕೆ ಕೆಟ್ಟಿತಲ್ಲ ಎಂದು ಅವತ್ತು ಸಂಜೆ ನಾಗರಕಲ್ಲಿಗೆ ತಪ್ಪುಕಾಣಿಕೆ ಇಟ್ಟು ಬಂದೆ. ಮಗಳನ್ನು ಮಹಡಿ ಹತ್ತದಂತೆ ಕಾದೆ.

ಒಂದು ವಾರದಲ್ಲಿ ಅವಳ ಕೈ ನಡುಗಲು ಶುರುವಾಯಿತು. ಸಣ್ಣ ನಡುಕ ಮೊದಲಿಂದಲೂ ಇತ್ತು, ಈ ಮಾತ್ರೆಗೆ ಅದು ಇರುತ್ತದೆ. ಇದು ಬೇರೆ. ಕಾಫಿ ಲೋಟ ಎತ್ತಿದರೆ ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. “ನೋಡಪ್ಪ” ಎಂದು ಎರಡೂ ಕೈ ಮುಂದೆ ಚಾಚಿ ತೋರಿಸಿದಳು. ನಾನು ನೋಡಿದೆ. ಬೇಕಂತಲೇ ಅಲ್ಲಾಡಿಸುತ್ತಿದ್ದಾಳೆ ಎಂದುಕೊಂಡೆ. ನನ್ನ ಹೆಂಡತಿ ಮುಂದಿನ ತಿಂಗಳ ರಕ್ತಪರೀಕ್ಷೆಯನ್ನು ಈಗಲೇ ಮಾಡಿಸೋಣ ಎಂದು ಎರಡು ಸಲ ಹೇಳಿದಳು. ಇನ್ನು ಇಪ್ಪತ್ತು ದಿನ, ಮಂಡಲ ಮುಗಿದ ಮೇಲೆ ಮಾಡಿಸಿದರಾಯಿತು ಎಂದೆ. ಹರಕೆಯನ್ನು ನಡುವೆ ಮುರಿಯುವ ಧೈರ್ಯ ಅವಳಿಗೂ ಇರಲಿಲ್ಲ, ನನ್ನ ಬಾಯಿಗೆ ಎದುರು ಹೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ.

ಆಮೇಲೆ ಭೇದಿ, ವಾಂತಿ. ಮೂವತ್ತನೆಯ ದಿನ ಬೆಳಿಗ್ಗೆ ಮಾತ್ರೆ ನುಂಗಿ, ಬಾಯಿ ತೋರಿಸಿ, ಐದು ನಿಮಿಷಕ್ಕೆ ಬಚ್ಚಲಿಗೆ ಓಡಿ ಎಲ್ಲ ಕಕ್ಕಿದಳು. ನಾನು ಹಿಂದೆಯೇ ಹೋಗಿ ನಿಂತೆ. ಗಂಟಲಿಗೆ ಬೆರಳು ಹಾಕಿಕೊಂಡಿದ್ದಾಳೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. “ಬೇಡಪ್ಪ” ಎಂದಳು. ನಾಲಿಗೆ ದಪ್ಪವಾದವಳ ಹಾಗೆ, ಮಾತು ತೊದಲುತ್ತಿತ್ತು. “ಏನೋ ಸರಿ ಇಲ್ಲಪ್ಪ. ಇದು ಮಾತ್ರೆದೇ. ನಂಬಪ್ಪ.” ನಾನು ಇನ್ನೊಂದು ಮಾತ್ರೆ ತಂದೆ. ಅವಳ ದವಡೆ ಹಿಡಿದು ಬಾಯಿಗೆ ಹಾಕಿದೆ, ನೀರು ಕುಡಿಸಿದೆ, ಅರ್ಧ ಗಂಟೆ ಪಕ್ಕದಲ್ಲೇ ಕೂತು ಕಾವಲು ಕಾಯ್ದೆ. ರಾತ್ರಿಯೂ ಹಾಗೇ ಮಾಡಿದೆ.

ಮಾರನೆಯ ಬೆಳಿಗ್ಗೆ ಅವಳು ಗೋಡೆ ಹಿಡಿದುಕೊಂಡು, ಕುಡಿದವರ ಹಾಗೆ ಓಲಾಡುತ್ತ ಬಾಗಿಲಿಗೆ ಬಂದಳು. ಎಲ್ಲಿಗೆ ಎಂದು ಕೇಳಿದರೆ ಮೇಲಕ್ಕೆ ಕೈ ತೋರಿಸಿದಳು. ನಾನು ಏಳುವಷ್ಟರಲ್ಲಿ ಮೂರನೆಯ ಮೆಟ್ಟಿಲಿನಿಂದ ಹಿಂದಕ್ಕೆ ಬಿದ್ದಳು. ಸದ್ದಿಗೆ ಎರಡನೇ ಮಹಡಿಯ ಆ ಹೆಣ್ಣುಮಗಳು ಓಡಿ ಇಳಿದು ಬಂದು, ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು. ಈ ಸಲ ಹೆದರಲಿಲ್ಲ.

“ಅಕಿ ನಮಗ ಹೇಳಿದ್ಲ್ರೀ, ಉಪ್ಪ ಬಿಟ್ರ ಗುಳಿಗಿ ವಿಷ ಆಗ್ತೈತಂತ. ನಿಮಗ ಹೇಳಾಕ ನಮಗ ಧೈರ್ಯ ಸಾಲಲಿಲ್ರೀ. ಈಗರ ದವಾಖಾನಿಗಿ ಕರ್ಕೊಂಡ ಹೋಗ್ರೀ, ನಿಮ್ಮ ಕಾಲ ಬೀಳ್ತೀನಿ.”

ಮನೆಯವರಲ್ಲದ ಒಬ್ಬರ ಬಾಯಿಂದ ಬಂದಾಗ ಆ ಮಾತು ನನಗೆ ನಿಜ ಅನ್ನಿಸಿತು. ನನ್ನ ಯೋಗ್ಯತೆ ಅಷ್ಟೇ.

ಕನಕಪುರ ರಸ್ತೆಯಲ್ಲಿ ಕಾರು ಮೆಟ್ರೋ ಕಂಬಗಳ ನಡುವೆ ತೆವಳುತ್ತಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ಮಲಗಿದ್ದ ಮಗಳು ಕೂಗಿದರೆ ಮಾತ್ರ ಕಣ್ಣು ಬಿಡುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನಾನು ಹಿಂದೆ ತಿರುಗಿ ಅವಳ ಎದೆ ಏರುತ್ತಿದೆಯೇ ಎಂದು ನೋಡುತ್ತಿದ್ದೆ. ಜಯನಗರದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಕ್ತ ತೆಗೆದರು. ಲಿಥಿಯಂ ಇರಬೇಕಾದ ಮಟ್ಟಕ್ಕಿಂತ ಎಷ್ಟೋ ಮೇಲೆ ಹೋಗಿತ್ತು. ಮಾತ್ರೆ ನಿಲ್ಲಿಸಿ ಸಲೈನ್ ಏರಿಸಿದರು. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ನೋಡಬೇಕು, ನಲವತ್ತೆಂಟು ಗಂಟೆ ಏನೂ ಹೇಳುವ ಹಾಗಿಲ್ಲ ಎಂದರು.

ಹೆಂಡತಿ ಕೌಂಟರಿನಲ್ಲಿ ಹೆಸರು ಬರೆಸಲು ಹೋಗಿದ್ದಳು. ಕರ್ತವ್ಯದಲ್ಲಿದ್ದ ಕಿರಿಯ ವೈದ್ಯ ನನ್ನನ್ನು ಕೇಳಿದ. ನೋವಿನ ಮಾತ್ರೆ ಏನಾದರೂ ತಗೊಂಡಿದ್ದಾಳಾ? ಡೋಸ್ ಜಾಸ್ತಿ ಆಯಿತಾ? ಊಟದಲ್ಲಿ ಏನಾದರೂ ವ್ಯತ್ಯಾಸ?

“ಮನೆ ಊಟಾನೇ” ಎಂದೆ.

ಹೌದು, ನನಗೆ ಗೊತ್ತಿದ್ದೂ ಹಾಗೆಂದೆ. ಅವನು ತಲೆಯಾಡಿಸಿ ಬರೆದುಕೊಂಡು ಹೋದ. ಎರಡು ದಿನ ನಾನು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಅದನ್ನೇ ನುಂಗುತ್ತಿದ್ದೆ. ಹೇಳಿದರೆ ಏನಾಗುತ್ತಿತ್ತು? ಬೈಯುತ್ತಿದ್ದರು, ಅಷ್ಟೆ ತಾನೆ? ಅಷ್ಟಕ್ಕೂ ನನಗೆ ಧೈರ್ಯವಿರಲಿಲ್ಲ. ಮೊದಲ ದಿನ ಮಧ್ಯಾಹ್ನ ಹೆಂಡತಿ ಕ್ಯಾಂಟೀನಿನಿಂದ ಇಡ್ಲಿ ಸಾಂಬಾರ್ ತಂದು, ನನ್ನ ಎದುರಿನಲ್ಲೇ ಕೂತು, ನನ್ನನ್ನೇ ನೋಡುತ್ತ ಎರಡು ಪ್ಲೇಟು ತಿಂದಳು. ಹರಕೆಯ ಬಗ್ಗೆ ಅವಳು ಆಮೇಲೆ ಒಂದು ಮಾತೂ ಆಡಿದ್ದಿಲ್ಲ.

ಮೂರನೆಯ ದಿನ ಮಗಳು ಕಣ್ಣು ಬಿಟ್ಟು ಸರಿಯಾಗಿ ನೋಡಿದಳು. ನೀರು ಕೇಳಿದಳು. ಮೂತ್ರಪಿಂಡ ಉಳಿದಿದೆ ಎಂದರು. ನಾನು ಮೆಟ್ಟಿಲ ಹತ್ತಿರ ಹೋಗಿ ಅತ್ತು ಬಂದೆ. ಮಧ್ಯಾಹ್ನ ಅವಳ ಮನೋವೈದ್ಯೆ ವಾರ್ಡಿಗೆ ಬಂದು, ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. “ಇಷ್ಟು ತಿಂಗಳು ಸರಿಯಾಗಿದ್ದ ಮಟ್ಟ ಒಂದೇ ಸಲಕ್ಕೆ ಹೀಗೆ ಏರೋಕೆ ಕಾರಣ ಇರ್ಬೇಕು. ಏನಾಯ್ತು ಪುಟ್ಟಾ?”

ಮಗಳು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

“ನಾನೇ ಉಪ್ಪು ಬಿಟ್ಟಿದ್ದೆ ಮೇಡಂ” ಎಂದಳು. ಮಾತು ಇನ್ನೂ ತೊದಲುತ್ತಿತ್ತು. “ಡಯಟ್. ಸಣ್ಣ ಆಗೋಣ ಅಂತ. ಮನೇಲಿ ಯಾರ್ಗೂ ಗೊತ್ತಿರ್ಲಿಲ್ಲ.”

ವೈದ್ಯೆ ಅದನ್ನು ಕಡತದಲ್ಲಿ ಬರೆದುಕೊಂಡರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. “ಅಷ್ಟು ಬಿಡಿಸಿ ಹೇಳಿದ್ನಲ್ಲಮ್ಮ. ಈ ಔಷಧಿ ಕೊಡೋದೇ ನಂಬಿಕೆ ಮೇಲೆ. ಉಪ್ಪು, ನೀರಿನ ವಿಷಯದಲ್ಲಿ ನಿನ್ನನ್ನ ನಂಬೋಕಾಗಲ್ಲ ಅಂದ್ರೆ ನಾನಿದನ್ನ ಮತ್ತೆ ಶುರು ಮಾಡೋಕಾಗಲ್ಲ. ಹಳೇ ಮಾತ್ರೆಗೇ ವಾಪಸ್ ಹೋಗ್ಬೇಕಾಗುತ್ತೆ.”

ಹಳೆಯ ಮಾತ್ರೆ. ಹದಿನಾರು ಗಂಟೆಯ ನಿದ್ದೆ, ಬಿಟ್ಟುಹೋದ ಕಾಲೇಜು, ಮಂಕು ಹಿಡಿದ ಮುಖ. ಮಗಳಿಗೂ ಅದು ಅರ್ಥವಾಯಿತು. ಆದರೂ ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ. ಹೆಂಡತಿ ಮಂಚದ ಆ ಬದಿಯಿಂದ ನನ್ನನ್ನು ನೋಡುತ್ತಿದ್ದಳು. ನಾನು ಸುಮ್ಮನೆ ನಿಂತಿದ್ದೆ. ವೈದ್ಯೆ ಎದ್ದು, ಕಡತ ಎತ್ತಿಕೊಂಡು, ವಾರ್ಡಿನ ಬಾಗಿಲು ದಾಟುವವರೆಗೂ ನಿಂತೇ ಇದ್ದೆ. ನಾಚಿಕೆಯ ಮಾತು, ಆದರೆ ಹೇಳಿಬಿಡುತ್ತೇನೆ: ಆ ಒಂದು ಗಳಿಗೆ, ಸದ್ಯ ಮುಗಿಯಿತಲ್ಲ ಎಂದು ನನಗೆ ನಿರಾಳವಾಗಿತ್ತು.

ಆಮೇಲೆ ಮಗಳು ತಾಯಿಗೆ ಹೇಳಿದ್ದು ಕೇಳಿಸಿತು. “ಪರ್ವಾಗಿಲ್ಲ ಬಿಡಮ್ಮ. ಅಪ್ಪನ್ನ ಎಲ್ರ ಮುಂದೆ ಬೈತಿದ್ರು.”

ನಾನು ಓಡಿದೆ. ಲಿಫ್ಟಿನ ಹತ್ತಿರ ವೈದ್ಯೆಯನ್ನು ಹಿಡಿದು, ಒಂದು ನಿಮಿಷ ವಾಪಸ್ಸು ಬನ್ನಿ ಎಂದೆ. ಅವರು ಅಲ್ಲೇ ಹೇಳಿ ಎಂದರು. ಇಲ್ಲ, ಅವಳ ಮುಂದೆಯೇ ಹೇಳಬೇಕು ಎಂದೆ. ಮಂಚದ ಹತ್ತಿರ ಬಂದು ನಿಂತಾಗ ನನ್ನ ಬಾಯಿಂದ ಮೊದಲು ಹೊರಟದ್ದು, “ಇವಳು ಸುಳ್ಳು ಹೇಳ್ತಿದಾಳೆ ಮೇಡಂ” ಎಂಬ ಮಾತು. ಮಗಳು ತಟ್ಟನೆ ಕಣ್ಣು ಮುಚ್ಚಿದಳು.

“ಡಯಟ್ಟೂ ಇಲ್ಲ ಏನೂ ಇಲ್ಲ. ಉಪ್ಪು ಬಿಡ್ಸಿದ್ದು ನಾನು. ಹರಕೆ ಹೊತ್ತಿದ್ದೆ. ಬೇಡ ಅಂತ ಮೊದಲ್ನೇ ದಿನಾನೇ ಹೇಳಿದ್ಲು, ನಾನು ಕೇಳ್ಲಿಲ್ಲ. ವಾಂತಿ ಮಾಡ್ಕೊಂಡಾಗ ಇನ್ನೊಂದು ಮಾತ್ರೆ ಹಾಕಿದ್ದೂ ನಾನೇ.” ಪಕ್ಕದ ಮಂಚದವರು, ನರ್ಸು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ನನ್ನ ದನಿ ಯಾವತ್ತೂ ಸಣ್ಣದಲ್ಲ.

ವೈದ್ಯೆ ನನ್ನನ್ನು ಬೈಯುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಮತ್ತೆ ಸ್ಟೂಲ್ ಎಳೆದುಕೊಂಡು ಕೂತು, ಕಡತದಲ್ಲಿ ಬರೆದಿದ್ದ ಸಾಲನ್ನು ಹೊಡೆದುಹಾಕಿ, “ನೀನು ಹೇಳು. ಮೊದಲಿಂದ” ಎಂದರು ಮಗಳಿಗೆ.

ಅವಳು ಕಣ್ಣು ಬಿಟ್ಟು, ಹೇಳಬಹುದಾ ಎಂದು ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷದ ಮಗಳು, ತನ್ನ ಮೈಗೆ ಆದದ್ದನ್ನು ಹೇಳಲು ನನ್ನ ಅಪ್ಪಣೆ ಕಾಯುತ್ತಿದ್ದಳು. ನಾನು ತಲೆಯಾಡಿಸಿದೆ.

ಅವಳು ಹೇಳಿದಳು. ಯಾವ ದಿನ ಕೈ ನಡುಗಿತು, ಯಾವ ದಿನ ಅಕ್ಷರ ಬರೆಯಲಾಗಲಿಲ್ಲ, ಯಾವ ದಿನ ನೆಲ ತೇಲಿದ ಹಾಗಾಯಿತು, ಎಲ್ಲವನ್ನೂ ಒಂದೊಂದಾಗಿ. ಅದರಲ್ಲಿ ಒಂದೂ ನನಗೆ ಹೊಸದಲ್ಲ. ಎಲ್ಲವನ್ನೂ ಆಯಾ ದಿನವೇ ನನಗೆ ಹೇಳಿದ್ದಳು. ತೊದಲುವ ನಾಲಿಗೆಯಲ್ಲಿ ಅವಳು ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ವೈದ್ಯೆ ಬರೆದುಕೊಳ್ಳುತ್ತಲೇ ಇದ್ದರು. ಒಂದೇ ಒಂದು ಸಲವೂ ತಲೆಯೆತ್ತಿ, ಇದು ನಿಜವಾ ಎಂದು ನನ್ನನ್ನು ಕೇಳಲಿಲ್ಲ.